ಫ್ರೀಜರ್‌ನಲ್ಲಿಟ್ಟ ರವಿಯೋಲಿಯಿಂದ ರಾತ್ರಿ ಊಟ ಆಗ್ತದಾ?

ಆಫೀಸಿನಲ್ಲಿ ಕೇಳುತ್ತಾರೆ, ಪಕ್ಕದ ಮನೆಯವರು ಕೇಳುತ್ತಾರೆ, ಶಿರಸಿಯಿಂದ ಫೋನ್ ಮಾಡುವ ಚಿಕ್ಕಮ್ಮನೂ ಕೇಳುತ್ತಾರೆ. "ಸಂಜೆ ಕೆಲಸ ಮುಗಿಸಿ ಬಂದು ಆ ಫ್ರೀಜರ್ ಪಾಸ್ತಾ ಬೇಯಿಸ್ತೀಯಲ್ಲ, ಅದು ಊಟ ಆಗ್ತದಾ?"

ಆಗ್ತದೆ. ಆದರೆ ಪ್ಯಾಕೆಟ್ ಮೇಲಿನ ಚಿತ್ರ ನೋಡಿ ಕ್ರೀಮ್, ಚೀಸ್ ಸುರಿದರೆ ಮುಂದಿನ ವಾರ ಮನೆಯಲ್ಲಿ ಯಾರಿಗೂ ಬೇಡ. ಹೂರಣ ತುಂಬಿದ ಪಾಸ್ತಾದ ರುಚಿಯೆಲ್ಲ ಒಳಗೇ ಇರುತ್ತದೆ. ಹೊರಗೆ ತೆಳ್ಳಗಿನದು, ಬಿಸಿಯಾದದ್ದು ಏನಾದರೂ ಸಾಕು. ಅಂದರೆ ಸಾರು.

ರವಿಯೋಲಿ ಅಂದರೆ ಎರಡು ತೆಳು ಹಾಳೆಯ ನಡುವೆ ಹೂರಣ ಇಟ್ಟು ಅಂಚು ಒತ್ತಿದ ತುಂಡು. ಟೋರ್ಟೆಲಿನಿ ಅದಕ್ಕಿಂತ ಚಿಕ್ಕದು, ಉಂಗುರದ ಆಕಾರಕ್ಕೆ ಮಡಚಿದ್ದು. ಇಟಲಿಯ ಬೊಲೊನ್ಯಾ ಊರಿನಲ್ಲಿ ಟೋರ್ಟೆಲಿನಿಯನ್ನು ತಿಳಿ ಮಾಂಸದ ಸಾರಿನಲ್ಲೇ ತಿನ್ನುವುದು, ಕ್ರಿಸ್‌ಮಸ್ ಊಟಕ್ಕೆ ಅದು ಬೇಕೇ ಬೇಕು. ಹಂದಿ ಮಾಂಸ, ಪಾರ್ಮೆಸಾನ್ ಚೀಸ್, ಮೊಟ್ಟೆ, ಜಾಯಿಕಾಯಿ ಹಾಕುವ ಆ ಹೂರಣದ ಅಳತೆಯನ್ನು 1974ರಲ್ಲಿ ಅಲ್ಲಿನ ವಾಣಿಜ್ಯ ಮಂಡಳಿಯಲ್ಲಿ ದಾಖಲು ಮಾಡಿಸಿಟ್ಟಿದ್ದಾರೆ. ಊಟದ ಬಗ್ಗೆ ಅಷ್ಟು ಕಾಳಜಿ ಇರುವವರೇ ಸಾರಿಗೆ ಹಾಕುತ್ತಾರೆ ಅಂದಮೇಲೆ ನಾವೂ ಧೈರ್ಯವಾಗಿ ಹಾಕಬಹುದು, ಅಲ್ವಾ?

ನಮ್ಮ ಮನೆಯಲ್ಲಿ ಬೇಳೆ ಕಟ್ಟಿನ ಸಾರು. ಬೆಳಿಗ್ಗೆ ಕುಕ್ಕರ್ ಇಡುವಾಗ ತೊಗರಿಬೇಳೆಗೆ ಸ್ವಲ್ಪ ನೀರು ಜಾಸ್ತಿ ಹಾಕಿ, ಕಟ್ಟು ಬಸಿದು ಫ್ರಿಜ್‌ನಲ್ಲಿ ಇಟ್ಟುಬಿಡುತ್ತೇನೆ. ರಾತ್ರಿ ಅದನ್ನು ಕುದಿಸಿ ಉಪ್ಪು ಹಾಕಿ, ಕಾಳುಮೆಣಸು, ಜೀರಿಗೆ, ಬೆಳ್ಳುಳ್ಳಿ ಕುಟ್ಟಿ ತುಪ್ಪದಲ್ಲಿ ಒಗ್ಗರಣೆ ಕೊಟ್ಟರೆ ಮುಗಿಯಿತು. ಹುಣಸೆಹುಳಿ ಬೇಡ, ಸಾರಿನ ಪುಡಿಯೂ ಬೇಡ. ಹುಳಿ ಖಾರ ಜೋರಾದರೆ ಒಳಗಿನ ಚೀಸ್ ಇದ್ದೂ ಇಲ್ಲದ ಹಾಗೆ. ಮೆಣಸು ಮಾತ್ರ ಶಿರಸಿ ಕಡೆ ತೋಟದ್ದು, ಆಗಷ್ಟೇ ಕುಟ್ಟಿದ್ದು ಆಗಬೇಕು. ಡಬ್ಬಿಯಲ್ಲಿ ತಿಂಗಳುಗಟ್ಟಲೆ ಕೂತ ಪುಡಿಯಲ್ಲಿ ಖಾರ ಉಳಿದಿರುತ್ತದೆ, ಪರಿಮಳ ಇರುವುದಿಲ್ಲ.

ಬೇಯಿಸುವುದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಜಾಸ್ತಿ ಜನ ಕೈಬಿಡುವುದು ಇಲ್ಲೇ. ಪ್ಯಾಕೆಟ್ಟನ್ನು ಮೊದಲೇ ಹೊರಗಿಟ್ಟು ಕರಗಿಸಬೇಡಿ. ಕರಗುವಾಗ ಹೂರಣ ನೀರು ಬಿಡುತ್ತದೆ, ಹಿಟ್ಟು ಆ ನೀರನ್ನು ಹೀರಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಬಿಡಿಸಲು ಹೋದರೆ ಹರಿಯುತ್ತದೆ. ಗಟ್ಟಿ ಇರುವಾಗಲೇ ಕುದಿಯುವ ನೀರಿಗೆ ಹಾಕಿ. 500 ಗ್ರಾಂ ಪಾಸ್ತಾಕ್ಕೆ 3 ಲೀಟರ್ ನೀರು, ಲೀಟರಿಗೆ ಸುಮಾರು 10 ಗ್ರಾಂ ಉಪ್ಪು. ಹಾಕಿದ ಮೇಲೆ ನೀರು ಮತ್ತೆ ಕುದಿಗೆ ಬರುತ್ತಲೇ ಉರಿ ಇಳಿಸಿ. ಕೊತಕೊತ ಕುದಿದರೆ ಅಂಚು ಬಿಚ್ಚಿ ಹೂರಣವೆಲ್ಲ ನೀರಿನ ಪಾಲು. ಮೇಲೆ ತೇಲಿದ ತಕ್ಷಣ ಆಯಿತು ಅಂದುಕೊಳ್ಳಬೇಡಿ. ಇನ್ನೂ ಒಂದೆರಡು ನಿಮಿಷ ಬಿಟ್ಟು ಒಂದನ್ನು ತೆಗೆದು ಅಂಚು ಕಚ್ಚಿ ನೋಡಿ. ಅಲ್ಲಿ ಹಿಟ್ಟು ಎರಡು ಪದರ, ಕೊನೆಗೆ ಬೇಯುವುದೂ ಅದೇ. ಬಸಿಯುವಾಗ ಪಾತ್ರೆ ಬಗ್ಗಿಸದೆ, ಬೋಂಡಾ ಎತ್ತುವ ಸೌಟಿನಿಂದ ಮೆಲ್ಲಗೆ ಎತ್ತಿ ಸಾರಿಗೆ ಬಿಡಿ. ಇಟಲಿಯಲ್ಲಿ ಸಾರಿನಲ್ಲೇ ಬೇಯಿಸುತ್ತಾರೆ. ಪ್ಯಾಕೆಟ್ಟಿನದಕ್ಕೆ ಒಣ ಹಿಟ್ಟು ಹತ್ತಿರುವುದರಿಂದ ಸಾರು ಕಲಕಿದಂತಾಗುತ್ತದೆ, ಅದಕ್ಕೆ ನಾನು ಬೇರೆ ಬೇಯಿಸುತ್ತೇನೆ.

ಕಟ್ಟು ಇಲ್ಲದ ದಿನ ತುಪ್ಪ, ಕರಿಬೇವು. ಇಟಲಿಯವರು ಬೆಣ್ಣೆಯಲ್ಲಿ ಸೇಜ್ ಎಂಬ ಎಲೆಯನ್ನು ಗರಿಗರಿ ಮಾಡಿ ರವಿಯೋಲಿ ಮೇಲೆ ಹಾಕುತ್ತಾರೆ. ನಮಗೆ ಹಿತ್ತಲ ಕರಿಬೇವು ಅದೇ ಕೆಲಸ ಮಾಡುತ್ತದೆ. ಪಾಸ್ತಾ ಬೆಂದ ನೀರು ಒಂದು ಸೌಟು ಸೇರಿಸಿ ಬಾಣಲೆ ಅಲ್ಲಾಡಿಸಿ. ನೀರಿನಲ್ಲಿರುವ ಗಂಜಿಯಿಂದ ತುಪ್ಪ ಬೇರೆ ನಿಲ್ಲದೆ ಹೊಂದಿಕೊಳ್ಳುತ್ತದೆ.

ಇನ್ನು ಕಾರವಾರದಲ್ಲಿದ್ದು ಸಿಗಡಿ ಹಾಕದಿರುವುದು ಹೇಗೆ? ಬೆಳ್ಳುಳ್ಳಿ ಜೊತೆ ಸಿಗಡಿ ಹುರಿದು ತೆಳು ತೆಂಗಿನ ಹಾಲು ಹಾಕಿ, ಸೊಪ್ಪಿನ ಹೂರಣದ ರವಿಯೋಲಿ ಅದರಲ್ಲಿ ಒಂದು ನಿಮಿಷ ಇದ್ದರೆ ಸಾಕು. ಹುಳಿಗೆ ಮುರುಗಲು ಬೇಕಾದರೆ ಒಲೆ ಆರಿಸಿದ ಮೇಲೆಯೇ ಅದರ ರಸ ಬಿಡಿ. ಕುದಿಯುವಾಗ ಬಿಟ್ಟರೆ ತೆಂಗಿನ ಹಾಲು ಒಡೆಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ತಾಜಾ ಸಿಗಡಿ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಆಗ ಮತ್ತೆ ಸಾರೇ ಗತಿ, ಮಳೆಗೆ ಅದೇ ಚೆಂದ ಕೂಡ.

ಚಿಕ್ಕಮ್ಮನ ಎರಡನೇ ಪ್ರಶ್ನೆ, "ಅದರಲ್ಲಿ ಮೊಟ್ಟೆ ಇರ್ತದಾ?" ಬಹಳ ಸರಿಯಾದ ಪ್ರಶ್ನೆ. ಹೂರಣ ತುಂಬುವ ಪಾಸ್ತಾದ ಹಿಟ್ಟಿಗೆ ಹೆಚ್ಚಾಗಿ ಮೊಟ್ಟೆ ಹಾಕುತ್ತಾರೆ. ಪಾರ್ಮೆಸಾನ್ ಚೀಸ್ ಮಾಡುವಾಗ ಹಾಲು ಒಡೆಸಲು ಬಳಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ಹಾಗಾಗಿ ಪಾಲಕ್ ಚಿತ್ರ ನೋಡಿ ಸಸ್ಯಾಹಾರ ಅಂತ ನಂಬಬೇಡಿ, ಪ್ಯಾಕೆಟ್ ಮೇಲೆ ಹಸಿರು ಗುರುತು ಇದೆಯಾ ನೋಡಿ.

ಅಂಗಡಿಯದು ಬೇಡ ಅನ್ನುವವರು ಭಾನುವಾರ ಮನೆಯಲ್ಲೇ ಮಾಡಿಡಬಹುದು. ದಕ್ಷಿಣ ಇಟಲಿಯಲ್ಲಿ ರವೆ, ನೀರು ಎರಡರಿಂದಲೇ ಪಾಸ್ತಾ ಮಾಡುವ ಪದ್ಧತಿ ಇದೆ. ನಮ್ಮ ಬನ್ಸಿ ಗೋಧಿ ಪಾಸ್ತಾ ಮಾಡುವ ಡ್ಯೂರಂ ಗೋಧಿಯೇ. ಅದರ ರವೆಯನ್ನು ಮಿಕ್ಸಿಯಲ್ಲಿ ನುಣ್ಣಗೆ ಮಾಡಿ ಗಟ್ಟಿಯಾಗಿ ಕಲಸಿ, ಅರ್ಧ ಗಂಟೆ ಮುಚ್ಚಿಡಿ. ಹೂರಣಕ್ಕೆ ಪನೀರ್ ಪುಡಿ, ಬಾಡಿಸಿದ ಹರಿವೆ ಸೊಪ್ಪು. ಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡಿ, ನೀರಿನ ಪಸೆ ಉಳಿಯಲೇಬಾರದು. ಬಸಳೆ ಲೋಳೆ, ಇದಕ್ಕೆ ಆಗುವುದಿಲ್ಲ. ಮಾಡಿದ್ದನ್ನು ರವೆ ಉದುರಿಸಿದ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಇಟ್ಟು ಫ್ರೀಜರ್‌ನಲ್ಲಿ ಗಟ್ಟಿ ಮಾಡಿ, ಆಮೇಲೆ ಚೀಲಕ್ಕೆ ತುಂಬಿ.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ಚಿಂತೆ ಮಳೆಗಾಲದ ಕರೆಂಟು. ಬಾಗಿಲು ತೆಗೆಯದಿದ್ದರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ ತಣ್ಣಗಿರುತ್ತದೆ, ಅರ್ಧ ತುಂಬಿದ್ದು 24 ಗಂಟೆ. ಮನೆಯಲ್ಲಿ ಇಲ್ಲದಾಗ ಎಷ್ಟು ಹೊತ್ತು ಕರೆಂಟು ಹೋಗಿತ್ತು ಅಂತ ಗೊತ್ತಾಗುವುದಿಲ್ಲವಲ್ಲ, ಅದಕ್ಕೊಂದು ಉಪಾಯ ಇದೆ. ಲೋಟದಲ್ಲಿ ನೀರು ಗಟ್ಟಿ ಮಾಡಿ ಮೇಲೆ ಒಂದು ನಾಣ್ಯ ಇಟ್ಟು ಫ್ರೀಜರ್‌ನಲ್ಲೇ ಬಿಡಿ. ಊರಿಂದ ಬಂದಾಗ ನಾಣ್ಯ ಮೇಲೇ ಇದ್ದರೆ ಪಾಸ್ತಾ ಬೇಯಿಸಬಹುದು. ತಳ ಸೇರಿದ್ದರೆ, ಈಗ ಮತ್ತೆ ಕಲ್ಲಿನಂತೆ ಗಟ್ಟಿಯಾಗಿ ಕಂಡರೂ ಒಮ್ಮೆ ಪೂರ್ತಿ ಕರಗಿತ್ತು ಅಂತಲೇ ಅರ್ಥ. ಬಿಸಾಡಿ, ಆ ರಾತ್ರಿಗೆ ಗಂಜಿ ಇಡಿ.