ಒಂದೇ ಸೊಂಟನೋವು, ಎರಡು ದಾರಿ

ನನಗೂ ಅಮ್ಮನಿಗೂ ಹೆಚ್ಚೂಕಡಿಮೆ ಒಟ್ಟಿಗೇ ಸೊಂಟ ಹಿಡಿದುಕೊಂಡಿತು. ಹಾಗಾಗಿ ಒಂದೇ ದಿನ ಇಬ್ಬರೂ ಕೈರೋಪ್ರಾಕ್ಟರ್ ಹತ್ತಿರ, ಅಂದರೆ ಬೆನ್ನುಮೂಳೆ, ಕೀಲುಗಳನ್ನು ಕೈಯಿಂದ ಒತ್ತಿ ಚಿಕಿತ್ಸೆ ಕೊಡುವವರ ಹತ್ತಿರ ಹೋದೆವು. ಅಮ್ಮನಿಗೆ ಒಳಗೊಳಗೇ ಭಯ. ಕುತ್ತಿಗೆ ಹಿಡಿದು ತಿರುಗಿಸಿ ‘ಟಕ್’ ಅನ್ನಿಸುವ ವಿಡಿಯೊಗಳನ್ನು ಮೊಬೈಲಿನಲ್ಲಿ ನೋಡಿದ್ದಳು. “ನನಗೂ ಹಾಗೇ ಮಾಡ್ತಾರೇನೋ?” ಅಂತ ಕೇಳುತ್ತಲೇ ಇದ್ದಳು.

ಮೊದಲು ನನ್ನ ಸರದಿ. ಕೈರೋಪ್ರಾಕ್ಟರ್ ನನ್ನನ್ನು ಮುಟ್ಟುವ ಮೊದಲು ತುಂಬ ಹೊತ್ತು ಪ್ರಶ್ನೆಗಳನ್ನೇ ಕೇಳಿದರು. ನೋವು ಕಾಲಿಗೆ ಇಳಿಯುತ್ತಾ? ಕೆಮ್ಮಿದರೆ ಜಾಸ್ತಿ ಆಗುತ್ತಾ? ಮೂತ್ರಕ್ಕೆ ಹೋಗಲು ಕಷ್ಟವಾಗುತ್ತಾ, ತೊಡೆಸಂದಿಯಲ್ಲಿ ಜೋಮು ಹಿಡಿದ ಹಾಗಿದೆಯಾ? ಇದನ್ನೆಲ್ಲ ಯಾಕೆ ಕೇಳುತ್ತಿದ್ದೀರಿ ಅಂದೆ. “ಅವು ಇದ್ದರೆ ಬೆನ್ನುಹುರಿಯ ಕೆಳಗಿನ ನರಗಳು ಒತ್ತಿಕೊಂಡಿರಬಹುದು. ಆಗ ನಾನು ಕೈ ಹಚ್ಚುವ ಹಾಗಿಲ್ಲ, ನೀವು ತಕ್ಷಣ ಆಸ್ಪತ್ರೆಗೆ ಹೋಗಬೇಕು” ಅಂದರು.

ಆಮೇಲೆ ಅಂಗಾತ ಮಲಗಿಸಿ, ಒಂದೊಂದೇ ಕಾಲನ್ನು ನೆಟ್ಟಗೆ ಮೇಲೆತ್ತಿ ನೋಡಿದರು. ಮೊಣಕಾಲಿಗೆ, ಹಿಮ್ಮಡಿಯ ಹಿಂಭಾಗಕ್ಕೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು. ಹೆಬ್ಬೆರಳನ್ನು ಮೇಲಕ್ಕೆ ಎತ್ತಿ ಹಿಡಿಯಲು ಹೇಳಿ, ತಮ್ಮ ಬೆರಳಿನಿಂದ ಕೆಳಕ್ಕೆ ಒತ್ತಿದರು. ಸೊಂಟದಿಂದ ಇಳಿಯುವ ಒಂದು ನರದ ಬಲ ಆ ಹೆಬ್ಬೆರಳಿನಲ್ಲೇ ಗೊತ್ತಾಗುತ್ತದಂತೆ. ಬಗ್ಗಿದರೆ ನನ್ನ ನೋವು ಹೆಚ್ಚುತ್ತಿತ್ತು, ಹಿಂದಕ್ಕೆ ಬಾಗಿದರೆ ಹಗುರವಾಗುತ್ತಿತ್ತು. ಅದನ್ನು ಬರೆದುಕೊಂಡು, ಮಗ್ಗುಲಿಗೆ ಮಲಗಿಸಿ ಸರಕ್ಕನೆ ಒಮ್ಮೆ ಒತ್ತಿದರು. ‘ಟಕ್’ ಅಂತು. ಮೂಳೆ ಜಾಗಕ್ಕೆ ಕೂತ ಸದ್ದು ಅಂದುಕೊಂಡೆ. ಹಾಗಲ್ಲವಂತೆ. ಕೀಲಿನ ದ್ರವದಲ್ಲಿ ಗಾಳಿಗುಳ್ಳೆ ಹುಟ್ಟುವ ಸದ್ದು ಅದು. ಬಂದರೂ ಸರಿ, ಬಾರದಿದ್ದರೂ ಸರಿ.

ಅಮ್ಮನ ಸರದಿಯಲ್ಲಿ ಎಲ್ಲವೂ ಬೇರೆಯೇ ಆಯಿತು. ಕೈರೋಪ್ರಾಕ್ಟರ್ ಮೊದಲು ಮಾತ್ರೆಗಳ ಚೀಟಿ ಕೇಳಿ ತೆಗೆದುಕೊಂಡರು. ಅದರಲ್ಲಿ ರಕ್ತ ತೆಳುವಾಗಿಸುವ ಮಾತ್ರೆ ಇತ್ತು, ಮೂಳೆ ಟೊಳ್ಳಾಗುವುದಕ್ಕೆ ಕೊಟ್ಟ ಮಾತ್ರೆಯೂ ಇತ್ತು. “ಅಮ್ಮಾ, ನಿಮಗೆ ಜೋರಾಗಿ ಒತ್ತೋದು ಬೇಡ. ಕುತ್ತಿಗೆಯನ್ನಂತೂ ತಿರುಗಿಸೋದೇ ಇಲ್ಲ” ಅಂದರು. ಕುತ್ತಿಗೆ ತಿರುಗಿಸಿದ ನಂತರ ಅಲ್ಲಿನ ರಕ್ತನಾಳದ ಗೋಡೆ ಹರಿದು ಪಾರ್ಶ್ವವಾಯು ಬಡಿದ ಉದಾಹರಣೆಗಳು ವಿರಳವಾದರೂ ಇವೆ. ಅದನ್ನು ಮುಚ್ಚಿಡದೆ ಹೇಳಿದ್ದು ನನಗೆ ಹಿಡಿಸಿತು. ಅಮ್ಮನ ಮುಖವೂ ಸಡಿಲಾಯಿತು.

ಸ್ವಲ್ಪ ನಡೆದರೆ ಅವಳ ಕಾಲು ಭಾರವಾಗುತ್ತಿತ್ತು, ಕೂತರೆ ಸರಿಹೋಗುತ್ತಿತ್ತು. ತಳ್ಳುಗಾಡಿ ಹಿಡಿದು ಬಗ್ಗಿ ನಡೆದರೆ ಹಾಯೆನಿಸುತ್ತಿತ್ತು. ನರಗಳು ಹಾಯುವ ಕಾಲುವೆ ಕಿರಿದಾದವರಲ್ಲಿ ಹೀಗಾಗುತ್ತದಂತೆ. ಆ ದಿನ ಅಮ್ಮನಿಗೆ ಚಿಕಿತ್ಸೆ ಅಂತ ಏನೂ ಮಾಡಲಿಲ್ಲ. ಮೂಳೆ ಸಾಂದ್ರತೆಯ ವರದಿ ತನ್ನಿ, ನಿಮ್ಮ ಡಾಕ್ಟರನ್ನೂ ಕೇಳಿಬನ್ನಿ ಅಂದರು. ಹಣ ಕೊಟ್ಟು ಬಂದವರನ್ನು ಹಾಗೇ ಕಳಿಸಲು ಧೈರ್ಯ ಬೇಕು, ಅಲ್ವಾ? ನನಗೆ ಅವರ ಮೇಲೆ ನಂಬಿಕೆ ಬಂದದ್ದು ಅಲ್ಲೇ.

ಡಾಕ್ಟರ್ ಒಪ್ಪಿದ ಮೇಲೆ ಅಮ್ಮನನ್ನು ಕಾಲಿನ ಕಡೆ ಮೆಲ್ಲಗೆ ಕೆಳಕ್ಕೆ ಬಾಗುವ ಮೇಜಿನ ಮೇಲೆ ಬೋರಲಾಗಿ ಮಲಗಿಸಿ, ಸೊಂಟವನ್ನು ಹದವಾಗಿ ಎಳೆದರು. ಮನೆಯಲ್ಲಿ ಮಾಡಲು ನನಗೆ ಹೇಳಿಕೊಟ್ಟದ್ದು ಹಿಂದಕ್ಕೆ ಬಾಗುವ ವ್ಯಾಯಾಮ. ಅಮ್ಮನಿಗೆ ಹೇಳಿದ್ದು ಅದರ ತದ್ವಿರುದ್ಧ, ಮಲಗಿ ಮೊಣಕಾಲನ್ನು ಎದೆಗೆ ತರುವುದು. ನನ್ನ ವ್ಯಾಯಾಮವನ್ನು ಅವಳು ಮಾಡಿದ್ದರೆ ಕಾಲುನೋವು ಹೆಚ್ಚುತ್ತಿತ್ತು.

1895ರಲ್ಲಿ ಅಮೆರಿಕದಲ್ಲಿ ಡಿ.ಡಿ. ಪಾಮರ್ ಈ ಪದ್ಧತಿ ಶುರುಮಾಡಿದಾಗ, ಹೆಚ್ಚಿನ ಎಲ್ಲ ಕಾಯಿಲೆಗೂ ಬೆನ್ನುಮೂಳೆ ಸರಿದದ್ದೇ ಕಾರಣ ಅಂತ ನಂಬಿದ್ದರು. ಇವರು ಹಾಗೆ ಹೇಳಲೇ ಇಲ್ಲ. ಅಮ್ಮನ ರಕ್ತದೊತ್ತಡದ ಬಗ್ಗೆ ಕೇಳಿದಾಗ, ಅದು ಡಾಕ್ಟರ್ ನೋಡಬೇಕಾದದ್ದು ಅಂದುಬಿಟ್ಟರು.

ಪ್ರತಿ ಸಲವೂ ನನ್ನನ್ನು ಎಷ್ಟು ಹೊತ್ತು ಕೂರಲಾಗುತ್ತಿದೆ ಅಂತ ಕೇಳುತ್ತಿದ್ದರು, ಅಮ್ಮನನ್ನು ಎಷ್ಟು ದೂರ ನಡೆಯಲಾಗುತ್ತಿದೆ ಅಂತ. ಕೆಲವು ವಾರಗಳಲ್ಲಿ ಬದಲಾವಣೆ ಕಾಣದಿದ್ದರೆ ಬೇರೆ ಕಡೆ ಕಳಿಸುತ್ತೇನೆ ಅಂತ ಮೊದಲೇ ಹೇಳಿದ್ದರು. ನನ್ನ ಚಿಕಿತ್ಸೆ ಬೇಗ ಮುಗಿಯಿತು. ಅಮ್ಮ ಈಗಲೂ ಆಗಾಗ ಹೋಗುತ್ತಾಳೆ, ಮೊದಲಿಗಿಂತ ದೂರ ನಡೆಯುತ್ತಾಳೆ.