2.31ರ ತಗ್ಗು ಯಾವ ಖನಿಜದ್ದು?

ಮಂಗಳದ ಕಕ್ಷೆಯಿಂದ ಕ್ರಿಸಂ ಉಪಕರಣ ಅಳೆದ ರೋಹಿತದಲ್ಲಿ (ನೆಲದಿಂದ ಮರಳುವ ಬಿಸಿಲು ಯಾವ ತರಂಗಾಂತರದಲ್ಲಿ ಎಷ್ಟಿದೆ ಎಂದು ತೋರಿಸುವ ಗೆರೆ) 2.31 ಮೈಕ್ರೋಮೀಟರ್ ಬಳಿ ತಗ್ಗು, ಅಂದರೆ ಬೆಳಕು ಹೀರಿಕೊಂಡ ಗುರುತು, ಕಂಡರೆ ಕೂಡಲೇ ಕಾರ್ಬೊನೇಟ್ ಖನಿಜ ಎಂದು ಬರೆದುಬಿಡಬೇಡಿ. ಮೆಗ್ನೀಸಿಯಂ ಹೆಚ್ಚಿರುವ ಸಪೋನೈಟ್ ಜೇಡಿಯೂ ಬೆಳಕು ಹೀರುವುದು ಅಲ್ಲೇ. ಜೊತೆಯ ತಗ್ಗನ್ನು ಹುಡುಕಿ: ಮೆಗ್ನೀಸಿಯಂ ಕಾರ್ಬೊನೇಟಿಗೆ 2.51ರ ಹತ್ತಿರ ಅಗಲವಾದದ್ದು ಇರಲೇಬೇಕು, ಸಪೋನೈಟಿಗೆ 2.39ರ ಹತ್ತಿರ ಚಿಕ್ಕದು. 1.9ರ ತಗ್ಗು ಖನಿಜದೊಳಗೆ ನೀರಿದೆ ಎಂದಷ್ಟೇ ಹೇಳುತ್ತದೆ, ಖನಿಜದ ಹೆಸರನ್ನು ಹೇಳುವುದಿಲ್ಲ. ಒಂದು ಪಿಕ್ಸೆಲ್ಲಿಗೆ ಸುಮಾರು 18 ಮೀಟರ್ ನೆಲ. ಅಷ್ಟರಲ್ಲಿ ಎರಡೂ ಖನಿಜ ಕೂಡಿಯೇ ಇರಬಹುದು, ಆಗ ಎರಡರ ಗುರುತೂ ಕಲಸಿಹೋಗುತ್ತದೆ.

ತಗ್ಗು ನಿಜವಾದದ್ದೇ ಎಂಬ ಪ್ರಶ್ನೆ ಅದಕ್ಕೂ ಮುಂಚಿನದು. ಮೊದಲು ಬಿಸಿಲು ಬಿದ್ದ ಕೋನದ ಕೊಸೈನಿನಿಂದ ಭಾಗಿಸಿ. ನಂತರ ವಾತಾವರಣದ ಇಂಗಾಲದ ಡೈಆಕ್ಸೈಡ್ ತೆಗೆಯಬೇಕು. ಒಲಿಂಪಸ್ ಮಾನ್ಸ್ ಜ್ವಾಲಾಮುಖಿಯ ಬುಡ ಮತ್ತು ನೆತ್ತಿಯ ಅಳತೆಗಳನ್ನು ಹೋಲಿಸಿ ಪಡೆದ ಗಾಳಿಯ ರೋಹಿತವನ್ನು ದೃಶ್ಯಕ್ಕೆ ಹೊಂದಿಸಿ ಭಾಗಿಸುವುದು ರೂಢಿ. ಆದರೂ 2.0ರ ಸುತ್ತ ಕೊಂಚ ಉಳಿಕೆ ಉಳಿದೇ ಇರುತ್ತದೆ, ಅಲ್ಲಿನ ಸಣ್ಣ ಏರಿಳಿತಗಳನ್ನು ನಂಬಬೇಡಿ.

ಹೆಚ್ಚಿನ ತಪ್ಪು ನಡೆಯುವುದು ಅನುಪಾತದ ಹಂತದಲ್ಲಿ. ಆಸಕ್ತಿಯ ತಾಣದ ಕೆಲವು ಪಿಕ್ಸೆಲ್‌ಗಳ ಸರಾಸರಿಯನ್ನು ಧೂಳು ಮುಚ್ಚಿದ, ಎದ್ದು ಕಾಣುವ ತಗ್ಗಿಲ್ಲದ ಸಪ್ಪೆ ನೆಲದ ಸರಾಸರಿಯಿಂದ ಭಾಗಿಸುತ್ತೇವೆ. ಆ ಸಪ್ಪೆ ನೆಲ ಚಿತ್ರದ ಅದೇ ಕಾಲಮ್ಮಿನಲ್ಲೇ (ಪಿಕ್ಸೆಲ್‌ಗಳ ಲಂಬ ಸಾಲು) ಇರಬೇಕು, ಏಕೆಂದರೆ ಬೆಳಕು ಹಿಡಿಯುವ ಪತ್ತೆಕದ ಪ್ರತಿ ಕಾಲಮ್ಮಿಗೂ ಅದರದೇ ದೋಷಗಳಿವೆ. ಭಾಗಿಸುವಾಗ ಅವು ಮೇಲೂ ಕೆಳಗೂ ಒಂದೇ ಆಗಿದ್ದರೆ ಮಾತ್ರ ಕಳೆದುಹೋಗುತ್ತವೆ. ಛೇದದ ನೆಲ ನಿಜಕ್ಕೂ ಸಪ್ಪೆಯಲ್ಲದೆ ಅಲ್ಲಿ ಪೈರಾಕ್ಸೀನ್ ಎಂಬ ಜ್ವಾಲಾಮುಖಿ ಬಂಡೆಯ ಖನಿಜ ಇದ್ದರೆ, ಅದರ ತಗ್ಗುಗಳು ಅನುಪಾತದಲ್ಲಿ ಉಬ್ಬುಗಳಾಗಿ ಮೇಲೇಳುತ್ತವೆ. ಎರಡು ಉಬ್ಬುಗಳ ನಡುವಿನ ಹಳ್ಳವೇ ಹೊಸ ಖನಿಜದಂತೆ ಕಾಣತೊಡಗುತ್ತದೆ!

ನೆರಳಿನ ಅಂಚು ಇನ್ನೊಂದು ಬಲೆ. ಬೆಳಕು ಥಟ್ಟನೆ ಬದಲಾಗುವ ಕಡೆ, ದತ್ತಾಂಶವನ್ನು ನಯಗೊಳಿಸುವ ಕ್ರಮವೇ 1.9 ಮತ್ತು 2.1ರಲ್ಲಿ ಸುಳ್ಳು ತಗ್ಗುಗಳನ್ನು ಹುಟ್ಟಿಸಬಲ್ಲದು. 2018ರಲ್ಲಿ ಇದು ಪ್ರಕಟವಾದ ಮೇಲೆ, ಪರ್‌ಕ್ಲೋರೇಟ್ ಎಂಬ ಕ್ಲೋರಿನ್ ಲವಣ ಸಿಕ್ಕಿದೆ ಎಂದಿದ್ದ ಹಲವು ವರದಿಗಳನ್ನು ಅನುಮಾನದಿಂದ ನೋಡಬೇಕಾಯಿತು. ಒಂದೆರಡೇ ಪಿಕ್ಸೆಲ್‌ಗಳಲ್ಲಿ ಕಂಡದ್ದನ್ನು ಬದಿಗಿಡಿ. ಅದೇ ಜಾಗದ ಇನ್ನೊಂದು ಚಿತ್ರದಲ್ಲೂ ತಗ್ಗು ಬರುತ್ತದೆಯೇ ನೋಡಿ.

ಮಂಗಳದ ಜೆಝೆರೋ ಕುಳಿಯಲ್ಲಿ ಕಕ್ಷೆಯಿಂದ ಗುರುತಿಸಿದ್ದ ಕಾರ್ಬೊನೇಟನ್ನು 2021ರಲ್ಲಿ ಇಳಿದ ಪರ್ಸಿವಿಯರೆನ್ಸ್ ರೋವರ್ ಬಂಡೆಗಳಲ್ಲೇ ಕಂಡಿತು. ಕಕ್ಷೆಯ ಆ ರೋಹಿತದಲ್ಲಿ 2.31 ಮತ್ತು 2.51ರ ತಗ್ಗುಗಳು ಎರಡೂ ಇದ್ದವು. ಗ್ರಾಫ್ ಹಾಕುವಾಗ ಅನುಪಾತದ ಕೆಳಗೆ ಅಂಶ ಮತ್ತು ಛೇದದ ಮೂಲ ರೋಹಿತಗಳನ್ನೂ ತೋರಿಸಿ. ಉಬ್ಬು ಎಲ್ಲಿಂದ ಬಂತೆಂಬುದು ಓದುಗರಿಗೇ ಕಾಣಲಿ.