ಮಗ ಬೈತಾನೆ ಮಾರಾಯ್ರೆ

“ಅಷ್ಟು ಓದಿದವರು ಹೇಗೆ ಮೋಸ ಹೋದರು?” ಪೊಲೀಸರ ಸೋಗಿನಲ್ಲಿ ವಿಡಿಯೋ ಕಾಲ್ ಮಾಡಿ, ‘ನಿಮ್ಮನ್ನು ಬಂಧಿಸಿದ್ದೇವೆ’ ಅಂತ ಹೆದರಿಸಿ ದುಡ್ಡು ದೋಚುವ ‘ಡಿಜಿಟಲ್ ಅರೆಸ್ಟ್’ ಸುದ್ದಿ ಬಂದಾಗಲೆಲ್ಲ ನಮ್ಮ ಮಂಗಳೂರಿನಲ್ಲಿ ಕೇಳುವ ಮೊದಲ ಪ್ರಶ್ನೆ ಇದೇ. ನನಗಂತೂ ಇದನ್ನು ಕೇಳಿದರೆ ಸಿಟ್ಟು ಬರುತ್ತದೆ.

ಫೋನ್ ಮಾಡುವವನಿಗೆ ಬುದ್ಧಿವಂತರು, ದಡ್ಡರು ಅಂತ ಭೇದ ಇಲ್ಲ. ಹೆದರುವವರು, ಒಂಟಿಯಾಗಿರುವವರು ಸಿಕ್ಕರೆ ಸಾಕು. “ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ. ವಿಡಿಯೋ ಕಾಲ್ ಕಟ್ ಮಾಡಬೇಡಿ. ಯಾರಿಗೂ ಹೇಳಬೇಡಿ.” ಆ ಕೊನೆಯ ಮಾತೇ ವಿಷ. ಮಕ್ಕಳು ದುಬೈ, ಬೆಂಗಳೂರು ಸೇರಿ, ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದ ಹಿರಿಯರು ಕದ್ರಿ, ಬಿಜೈ ಕಡೆ ಎಷ್ಟು ಜನ ಇಲ್ಲ! ವಿಡಿಯೋ ಕಾಲ್‌ನಲ್ಲಿ ಬಂಧಿಸುವ ಕಾನೂನೇ ನಮ್ಮ ದೇಶದಲ್ಲಿಲ್ಲ. ಆದರೆ ಪರದೆ ಮೇಲೆ ಖಾಕಿ ಕಂಡ ಹೊತ್ತಿಗೆ ಅದೆಲ್ಲ ಹೊಳೆಯಬೇಕಲ್ವಾ?

ದುಡ್ಡು ಹೋದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರೆ, ಅದು ಖಾತೆಯಿಂದ ಖಾತೆಗೆ ಹಾರಿ ಮಾಯವಾಗುವ ಮೊದಲು ತಡೆಹಿಡಿಯುವ ಅವಕಾಶ ಜಾಸ್ತಿ. ನಮ್ಮ ಪಕ್ಕದ ಬೀದಿಯ ನಿವೃತ್ತ ಟೀಚರ್ ಮಾತ್ರ ವಾರಗಟ್ಟಲೆ ಸುಮ್ಮನಿದ್ದರು. ಯಾಕೆ ಅಂದರೆ, “ಮಗ ಬೈತಾನೆ ಮಾರಾಯ್ರೆ.” ಗೊತ್ತಾದಾಗ ಮಗ ಬೈದದ್ದೂ ಹೌದು. ಈಗ ಅವರು ಬ್ಯಾಂಕಿನಿಂದ ನಿಜವಾಗಿ ಬಂದ ಫೋನನ್ನೂ ಎತ್ತುವುದಿಲ್ಲ.